ನಾಟಕದ ನಡುವೆ ಪ್ರೇಕ್ಷಕ ಎದ್ದು ನಿಂತರೆ?

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ವಿಲಿಯಮ್ಸ್‌ಬರ್ಗ್ ಎಂಬ ಊರಿದೆ. ಹದಿನೆಂಟನೇ ಶತಮಾನದಲ್ಲಿ ಬ್ರಿಟಿಷ್ ವಸಾಹತಿನ ರಾಜಧಾನಿಯಾಗಿ ಮೆರೆದ ಊರು ಅದು. ಅದರ ಹಳೆಯ ಭಾಗವನ್ನು 1926ರಿಂದೀಚೆಗೆ ಅಂದಿನಂತೆಯೇ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿಗೆ ಹೋದವರಿಗೆ ಗಾಜಿನ ಪೆಟ್ಟಿಗೆಯೊಳಗಿನ ಹಳೆಯ ವಸ್ತುಗಳಷ್ಟೇ ಕಾಣುವುದಿಲ್ಲ. ಕುಲುಮೆಯಲ್ಲಿ ಕಮ್ಮಾರ ಕಬ್ಬಿಣ ಬಡಿಯುತ್ತಿರುತ್ತಾನೆ. ಅಂದಿನ ಉಡುಪು ತೊಟ್ಟ ಹೆಂಗಸರು, ಗಂಡಸರು ಬೀದಿಯಲ್ಲಿ ಎದುರಾಗಿ ಮಾತಿಗೆ ನಿಲ್ಲುತ್ತಾರೆ. ಇವರೆಲ್ಲ ಪಾತ್ರಧಾರಿಗಳು. ಅಲ್ಲಿ ವೇದಿಕೆ ಇಲ್ಲ, ಪರದೆ ಇಲ್ಲ. ಇಡೀ ಬೀದಿಯೇ ರಂಗಸ್ಥಳ.

1999ರಲ್ಲಿ ಈ ಊರಿನವರು ಗುಲಾಮಗಿರಿಯ ಕರಾಳ ಇತಿಹಾಸವನ್ನೂ ಹೀಗೆ ಬೀದಿಯಲ್ಲೇ ತೋರಿಸಲು ಮುಂದಾದರು. ಕರಿಯ ಗುಲಾಮರನ್ನು ಬೆದರಿಸುತ್ತ ಬಂದೂಕು ಹಿಡಿದು ಗಸ್ತು ತಿರುಗುವ ಬಿಳಿಯರ ದಂಡು. ಪ್ರವಾಸಿಗರೂ ಗುಲಾಮರ ಗುಂಪಿನಲ್ಲೇ ನಿಂತು ಅದನ್ನು ಅನುಭವಿಸಬೇಕು. ಪ್ರಯೋಗ ಅಂದುಕೊಂಡದ್ದಕ್ಕಿಂತ ಹೆಚ್ಚೇ ಫಲಿಸಿತು. ಕೆಲವು ಪ್ರವಾಸಿಗರು ಗಸ್ತಿನವರ ಮೇಲೆ ನಿಜವಾಗಿಯೇ ಏರಿ ಹೋದರು. ನಟರು ತಮ್ಮ ಕೈಯಲ್ಲಿದ್ದ ಅಲಂಕಾರದ ಬಂದೂಕುಗಳನ್ನು ಬಿಡಿಸಿಕೊಳ್ಳಲು ಹೆಣಗಬೇಕಾಯಿತು. ಒಬ್ಬ ಪ್ರವಾಸಿಗನಂತೂ, ಅವರಿರುವುದು ಮೂವರು, ನಾವು ನೂರು ಮಂದಿ ಇದ್ದೇವೆ ಎಂದು ಕೂಗಿ ದಂಗೆಗೇ ಕರೆ ಕೊಟ್ಟ. ಕೊನೆಗೆ ನಟರು ವೇಷದಿಂದ ಹೊರಗೆ ಬಂದು, ಇದು ನಾಟಕ ಎಂದು ಹೇಳಿ ಅವನನ್ನು ಸಮಾಧಾನಪಡಿಸಬೇಕಾಯಿತು.

ಕೇಳಿ ನಕ್ಕುಬಿಡುವುದು ಸುಲಭ. ಆದರೆ ಆ ಪ್ರವಾಸಿಗನ ಸಿಟ್ಟು ಸುಳ್ಳಿನದಲ್ಲ. ಬಂದೂಕು ಹಿಡಿದಿದ್ದ ನಟನ ಎದೆ ಡವಗುಟ್ಟಿದ್ದೂ ಸುಳ್ಳಲ್ಲ. ನಾಟಕ ವೇದಿಕೆಯಿಂದ ಇಳಿದು ಜನರ ನಡುವೆ ಬಂದಾಗ, ಕಲ್ಪನೆಗೂ ವಾಸ್ತವಕ್ಕೂ ನಡುವೆ ಇದ್ದ ಗೆರೆ ಅಳಿಸಿಹೋಗುತ್ತದೆ. ಆ ಗೆರೆಯನ್ನು ಮತ್ತೆ ಎಳೆಯುವವರು ಯಾರು? ಎಳೆಯುವುದು ಹೇಗೆ?

ಈ ಪ್ರಶ್ನೆ ದೂರದ ದೇಶದ್ದು ಮಾತ್ರವಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಎನ್ನೆಸ್ಸೆಸ್ ಶಿಬಿರಗಳಲ್ಲಿ ಹಳ್ಳಿಯ ಅರಳಿಕಟ್ಟೆಯ ಮುಂದೆ ಬೀದಿ ನಾಟಕ ಆಡುತ್ತಾರೆ. ವರದಕ್ಷಿಣೆ, ಕುಡಿತ, ಅಸ್ಪೃಶ್ಯತೆ, ಬಾಲ್ಯವಿವಾಹ - ಯಾವುದನ್ನೇ ಮುಟ್ಟಿದರೂ ನೋಡುವವರಲ್ಲಿ ಯಾರಿಗೋ ಒಬ್ಬರಿಗೆ ಅದು ತನ್ನ ಮನೆಯ ಮಾತೇ ಆಗಿರುತ್ತದೆ. ಹದಿನೆಂಟು, ಇಪ್ಪತ್ತರ ಹುಡುಗ ಹುಡುಗಿಯರು ಆಗ ಎದುರಾಗುವ ಸಿಟ್ಟನ್ನು ಹೇಗೆ ನಿಭಾಯಿಸಬೇಕು? ಇದಕ್ಕೆ ಪಠ್ಯಪುಸ್ತಕವಿಲ್ಲ. ಆದರೆ ರಂಗಭೂಮಿಯವರು ಅನುಭವದಿಂದ ಕಲಿತ ಪಾಠಗಳಿವೆ. ಅವುಗಳಲ್ಲಿ ಕೆಲವನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿತಿದ್ದಾರೆ.

ಎಸೆದ ಚಪ್ಪಲಿ, ಹಿರಿದ ಕತ್ತಿ

ನೀಲಿ ಬೆಳೆಯ ತೋಟದ ಬಿಳಿಯ ಧಣಿಗಳು ಬಂಗಾಳದ ರೈತರಿಗೆ ಕೊಟ್ಟ ಹಿಂಸೆಯನ್ನು ದೀನಬಂಧು ಮಿತ್ರರು 1860ರಲ್ಲಿ 'ನೀಲ್ ದರ್ಪಣ್' ನಾಟಕವಾಗಿ ಬರೆದರು. 1872ರಲ್ಲಿ ಅದು ಕಲ್ಕತ್ತೆಯಲ್ಲಿ ಟಿಕೆಟ್ಟಿನ ಪ್ರದರ್ಶನವಾಗಿ ರಂಗಕ್ಕೆ ಬಂತು. ಕ್ರೂರಿ ಧಣಿಯ ಪಾತ್ರ ಮಾಡಿದ ಅರ್ಧೇಂದುಶೇಖರ ಮುಸ್ತಫಿಯವರ ಅಭಿನಯ ನೋಡಿ ಕೆರಳಿದ ಈಶ್ವರಚಂದ್ರ ವಿದ್ಯಾಸಾಗರರು ಕಾಲಿನ ಚಪ್ಪಲಿ ತೆಗೆದು ರಂಗದತ್ತ ಎಸೆದರೆಂದೂ, ನಟ ಅದನ್ನು ತಲೆಯ ಮೇಲಿಟ್ಟುಕೊಂಡು ಇದಕ್ಕಿಂತ ದೊಡ್ಡ ಬಹುಮಾನ ಬೇರೆ ಇಲ್ಲವೆಂದರೆಂದೂ ಒಂದು ಪ್ರತೀತಿ ಇದೆ. ನಡೆದದ್ದು ಹೀಗೆಯೋ ಅಲ್ಲವೋ, ಬಂಗಾಳದ ರಂಗಭೂಮಿ ಈ ಕತೆಯನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದಿದೆ. ಅದರಲ್ಲಿ ಒಂದು ಕಿವಿಮಾತೂ ಇದೆ. ಅವಮಾನವನ್ನು ಅವಮಾನವೆಂದು ತೆಗೆದುಕೊಳ್ಳದೆ ಗೌರವವಾಗಿ ಸ್ವೀಕರಿಸಿದರೆ ಎದುರಿನವರ ಸಿಟ್ಟಿಗೆ ಮುಂದೆ ಹೋಗಲು ದಾರಿಯೇ ಇರುವುದಿಲ್ಲ.

ಆದರೆ ಎಲ್ಲ ಸಿಟ್ಟೂ ಹೀಗೆ ಕರಗುವುದಿಲ್ಲ. 1875ರಲ್ಲಿ ಇದೇ ನಾಟಕ ಲಖನೌದಲ್ಲಿ ನಡೆದಾಗ ನೋಡುವವರಲ್ಲಿ ಬಿಳಿಯರೂ ಇದ್ದರು. ರೈತನೊಬ್ಬ ಬಿಳಿಯ ಧಣಿಯನ್ನು ಹಿಡಿದು ಬಡಿಯುವ ದೃಶ್ಯ ಬಂದ ಕೂಡಲೇ ಅವರು ಎದ್ದರು. ಕೆಲವು ಸೈನಿಕರು ಕತ್ತಿ ಹಿರಿದು ರಂಗಕ್ಕೆ ನುಗ್ಗಿದರು. ತಂಡದಲ್ಲಿದ್ದ ಹೆಸರಾಂತ ನಟಿ ಬಿನೋದಿನಿ ದಾಸಿ ತಮ್ಮ ಆತ್ಮಕಥೆಯಲ್ಲಿ ಆ ರಾತ್ರಿಯ ಭಯವನ್ನು ಬರೆದಿಟ್ಟಿದ್ದಾರೆ. ನಾಟಕ ಅಲ್ಲಿಗೇ ನಿಂತಿತು. ತಂಡ ಊರು ಬಿಟ್ಟು ಬಂತು. ಮರುವರ್ಷ, 1876ರಲ್ಲಿ, ಬ್ರಿಟಿಷ್ ಸರ್ಕಾರ ನಾಟಕ ಪ್ರದರ್ಶನಗಳಿಗೆ ಕಡಿವಾಣ ಹಾಕುವ ಕಾಯ್ದೆಯನ್ನೇ ತಂದಿತು.

ಕಲ್ಕತ್ತೆ, ಲಖನೌ ಎರಡೂ ಕಡೆ ನಾಟಕ ಒಂದೇ. ನೋಡುವವರು ಯಾರು, ಅವರಿಗೆ ಯಾವುದು ಚುಚ್ಚುತ್ತದೆ ಎಂಬುದನ್ನು ಮೊದಲೇ ಅಳೆಯುವುದು ಇಂಥ ಪ್ರದರ್ಶನಗಳ ಮೊದಲ ಪಾಠ.

ಹಿರಿಯರು ಕಂಡುಕೊಂಡ ಉಪಾಯಗಳು

ಪ್ರೇಕ್ಷಕರನ್ನು ಆಟದ ಒಳಗೆ ಸೇರಿಸಿಕೊಳ್ಳುವುದು ಇತ್ತೀಚಿನ ಫ್ಯಾಷನ್ ಎಂದು ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಕಾಶಿಯ ಎದುರು ದಂಡೆಯಲ್ಲಿರುವ ರಾಮನಗರದ ರಾಮಲೀಲೆಯನ್ನೇ ನೋಡಿ. 31 ದಿನ ನಡೆಯುವ ಈ ಆಟಕ್ಕೆ ಒಂದೇ ರಂಗಸ್ಥಳವಿಲ್ಲ. ಊರಿನ ಒಂದು ಕಡೆ ಅಯೋಧ್ಯೆ, ಇನ್ನೊಂದು ಕಡೆ ಜನಕಪುರಿ, ಮತ್ತೊಂದು ಕಡೆ ಲಂಕೆ. ರಾಮ ಕಾಡಿಗೆ ಹೊರಟರೆ ಜನವೂ ಹಿಂದೆ ಹೊರಡುತ್ತದೆ. ಮುಖ್ಯ ದಿನಗಳಲ್ಲಿ ಸೇರುವವರು ಸಾವಿರಾರು ಮಂದಿ. ಮೈಕಿಲ್ಲ, ವಿದ್ಯುದ್ದೀಪದ ಝಗಮಗವಿಲ್ಲ.

ಇಷ್ಟು ಜನರನ್ನು ಹಿಡಿದಿಡುವವರು ವ್ಯಾಸರು. ಕೈಯಲ್ಲಿ ಮಾತಿನ ಪುಸ್ತಕ ಹಿಡಿದು, ಎಲ್ಲರಿಗೂ ಕಾಣುವಂತೆ ಪಾತ್ರಧಾರಿಗಳ ಪಕ್ಕದಲ್ಲೇ ಅವರು ನಿಂತಿರುತ್ತಾರೆ. ಮಾತು ಶುರುವಾಗುವ ಮೊದಲು 'ಚುಪ್ ರಹೋ, ಸಾವಧಾನ್' ಎಂಬ ಕೂಗು ಏಳುತ್ತದೆ. ಗದ್ದಲ ತಟ್ಟನೆ ಇಳಿಯುತ್ತದೆ. ಯಾವ ಒಬ್ಬನನ್ನೂ ಬೆರಳು ಮಾಡಿ ಗದರಿಸುವುದಿಲ್ಲ. ಎಲ್ಲರಿಗೂ ಸೇರಿ ಒಂದೇ ಕರೆ. ದಿನವೂ ಅದೇ ಮಾತು, ಅದೇ ಧಾಟಿ. ಎಲ್ಲರಿಗೂ ತಿಳಿದ ಒಂದು ಸಂಕೇತ ನೂರು ಲಾಠಿಗಳ ಕೆಲಸ ಮಾಡುತ್ತದೆ.

ನಮ್ಮ ಕರಾವಳಿಯ ಯಕ್ಷಗಾನದಲ್ಲೂ ಇಂಥದ್ದುಂಟು. ತೆಂಕುತಿಟ್ಟಿನ 'ದೇವಿ ಮಹಾತ್ಮೆ' ಪ್ರಸಂಗದಲ್ಲಿ ಮಹಿಷಾಸುರ ಚೌಕಿಯಿಂದ ನೇರವಾಗಿ ರಂಗಕ್ಕೆ ಬರುವುದಿಲ್ಲ. ನಡುರಾತ್ರಿ ದೊಂದಿಗಳ ಬೆಳಕಿನಲ್ಲಿ, ರಾಳದ ಪುಡಿ ಭುಗ್ಗೆನ್ನುತ್ತಿರುವಾಗ, ಪ್ರೇಕ್ಷಕರ ಹಿಂದಿನಿಂದ ಅಬ್ಬರಿಸುತ್ತ ಬರುತ್ತಾನೆ. ಮಲಗಿದ್ದ ಮಕ್ಕಳು ಬೆಚ್ಚಿ ಏಳುತ್ತವೆ. ಬೆಂಕಿ, ಕತ್ತಲೆ, ಜನಸಂದಣಿ - ಅನಾಹುತಕ್ಕೆ ಬೇಕಾದ ಎಲ್ಲವೂ ಅಲ್ಲಿದೆ. ಆದರೂ ಜನ ತಾವಾಗಿ ದಾರಿ ಬಿಡುತ್ತಾರೆ, ದೊಂದಿ ಹಿಡಿದವರು ಮುಂದೆ ನಡೆದು ಅಂತರ ಕಾಯುತ್ತಾರೆ. ಮಹಿಷಾಸುರ ಎಲ್ಲಿಂದ ಬರುತ್ತಾನೆ, ಎತ್ತ ಹೋಗುತ್ತಾನೆ ಎಂಬುದು ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರಿಗೂ ಗೊತ್ತು. ಭಯವಿದೆ, ಗಾಬರಿ ಇಲ್ಲ.

ಇನ್ನು ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಮಾತೇ. 'ಕೃಷ್ಣಸಂಧಾನ'ದಲ್ಲೋ 'ವಾಲಿಮೋಕ್ಷ'ದಲ್ಲೋ ಇಬ್ಬರು ಘಟಾನುಘಟಿ ಅರ್ಥಧಾರಿಗಳು ಎದುರು ಬದುರಾದರೆ ವಾದ ಏರುತ್ತ ಹೋಗುತ್ತದೆ. ಒಮ್ಮೊಮ್ಮೆ ಪಾತ್ರದ ಜಗಳ ವ್ಯಕ್ತಿಗಳ ಜಗಳವಾಗುವ ಹಂತಕ್ಕೂ ಮುಟ್ಟುತ್ತದೆ. ಆಗ ಭಾಗವತರು ಏನು ಮಾಡುತ್ತಾರೆ? ಯಾರನ್ನೂ ತಡೆಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ! ಮದ್ದಳೆ ನುಡಿಯುತ್ತದೆ, ವಾದ ತಾನಾಗಿ ನಿಲ್ಲುತ್ತದೆ. ಇಬ್ಬರಲ್ಲಿ ಯಾರೂ ಸೋತಂತಾಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕೀತೇ?

ಹೊಣೆ ಯಾರದೂ ಅಲ್ಲದಾಗ

ಈ ಕಟ್ಟುಪಾಡುಗಳನ್ನೆಲ್ಲ ತೆಗೆದುಹಾಕಿದರೆ ಏನಾಗುತ್ತದೆ ಎಂಬುದನ್ನು ಇಪ್ಪತ್ತನೇ ಶತಮಾನದ ಕೆಲವು ಕಲಾವಿದರು ಪರೀಕ್ಷಿಸಿಯೇ ನೋಡಿದರು. ಯುಗೊಸ್ಲಾವಿಯಾ ಮೂಲದ ಕಲಾವಿದೆ ಮರೀನಾ ಅಬ್ರಮೊವಿಚ್ 1974ರಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಒಂದು ಮೇಜಿನ ಮೇಲೆ 72 ವಸ್ತುಗಳನ್ನು ಇಟ್ಟರು. ಗುಲಾಬಿ, ಜೇನು, ಕತ್ತರಿ, ಜೊತೆಗೆ ಒಂದು ಪಿಸ್ತೂಲು ಮತ್ತು ಗುಂಡು. ಆರು ಗಂಟೆಗಳ ಕಾಲ ತಾನು ಅಲುಗಾಡುವುದಿಲ್ಲ, ನೋಡಲು ಬಂದವರು ಈ ವಸ್ತುಗಳಿಂದ ತನಗೆ ಏನು ಬೇಕಾದರೂ ಮಾಡಬಹುದು, ಹೊಣೆಯೆಲ್ಲ ತನ್ನದೇ ಎಂದು ಸಾರಿದರು.

ಮೊದಮೊದಲು ಜನ ಸಂಕೋಚದಿಂದ ಹೂ ಕೊಟ್ಟರು. ಹೊತ್ತು ಹೋದಂತೆ ಧೈರ್ಯ ಬೆಳೆಯಿತು. ಬಟ್ಟೆ ಕತ್ತರಿಸಿದರು, ಚರ್ಮ ಗೀರಿದರು. ಒಬ್ಬ ಪಿಸ್ತೂಲನ್ನು ಅವರತ್ತಲೇ ಹಿಡಿಸಿದಾಗ ಉಳಿದವರು ನಡುವೆ ಬಂದು ತಪ್ಪಿಸಬೇಕಾಯಿತು. ಆರು ಗಂಟೆ ಮುಗಿದು ಅವರು ಅಲುಗಾಡಿ ಜನರತ್ತ ನಡೆದಾಗ, ಅಷ್ಟು ಹೊತ್ತು ಹಿಂಸಿಸಿದವರು ಮುಖ ಕೊಟ್ಟು ನಿಲ್ಲಲಾರದೆ ಹೊರಟುಹೋದರು. ಬಂದವರು ರಾಕ್ಷಸರೇನೂ ಅಲ್ಲ, ಸಾಮಾನ್ಯ ಜನ. ತಡೆಯುವವರಿಲ್ಲ, ಕೇಳುವವರಿಲ್ಲ ಎಂದಾದಾಗ ಸಾಮಾನ್ಯರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದಕ್ಕೆ ಅದು ಸಾಕ್ಷಿಯಾಯಿತು. ಕಾಲೇಜುಗಳ ರ‍್ಯಾಗಿಂಗ್ ಬಗ್ಗೆ ತಲೆ ಕೆಡಿಸಿಕೊಂಡ ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೂ ಮೊದಲು, 1968ರಲ್ಲಿ, ನ್ಯೂಯಾರ್ಕಿನಲ್ಲಿ ರಿಚರ್ಡ್ ಶೆಕ್ನರ್ ಅವರ ತಂಡ ಪ್ರಾಚೀನ ಗ್ರೀಕ್ ನಾಟಕವೊಂದನ್ನು 'ಡಯೊನೈಸಸ್ ಇನ್ 69' ಎಂಬ ಹೆಸರಿನಲ್ಲಿ ಒಂದು ಹಳೆಯ ಗ್ಯಾರೇಜಿನೊಳಗೆ ಆಡಲು ಶುರು ಮಾಡಿತು. ಪ್ರೇಕ್ಷಕರೂ ಆಟದಲ್ಲಿ ಸೇರಬಹುದಿತ್ತು. ಕತೆಯ ಪ್ರಕಾರ ರಾಜ ಪೆಂಥಿಯಸ್ ಕೊನೆಯಲ್ಲಿ ಬಲಿಯಾಗಬೇಕು. ಒಂದು ದಿನ ನೋಡಲು ಬಂದ ಕಾಲೇಜು ವಿದ್ಯಾರ್ಥಿಗಳ ಗುಂಪು, ಅವನನ್ನು ಬಲಿಯಾಗಲು ಬಿಡುವುದಿಲ್ಲವೆಂದು ಆ ಪಾತ್ರಧಾರಿಯನ್ನು ಹೊತ್ತುಕೊಂಡೇ ಹೊರಟಿತು! ಡಯೊನೈಸಸ್ ಪಾತ್ರಧಾರಿ ಬಾಗಿಲಿಗೆ ಅಡ್ಡ ನಿಂತ. ಮಾತಿಗೆ ಮಾತು ಬೆಳೆಯಿತು. ಮೊದಲೇ ಯೋಜನೆ ಹಾಕಿಕೊಂಡು ಬಂದಿದ್ದೀರಿ ಎಂಬುದು ನಟನ ಆರೋಪ. ಬಂದರೆ ತಪ್ಪೇನು ಎಂಬುದು ಹುಡುಗರ ಉತ್ತರ. ಕೊನೆಗೆ ಪ್ರೇಕ್ಷಕರಲ್ಲೇ ಒಬ್ಬರನ್ನು ಪೆಂಥಿಯಸ್ ಆಗಲು ಕರೆದು ನಾಟಕವನ್ನು ಮುಂದುವರಿಸಿದರು. ಇದೇ ನಾಟಕದ ಕೆಲವು ಭಾಗಗಳಲ್ಲಿ ನೋಡುವವರು ನಟಿಯರ ಮೈಮೇಲೆ ಕೈಹಾಕುವುದು ಹೆಚ್ಚಿದಾಗ ತಂಡ ಆ ಭಾಗಗಳನ್ನೇ ಬದಲಿಸಬೇಕಾಯಿತು.

ಅದಾಗಿ ಎಷ್ಟೋ ದಶಕ ಕಳೆದರೂ ಈ ತೊಂದರೆ ತಪ್ಪಿಲ್ಲ. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಆಧರಿಸಿದ 'ಸ್ಲೀಪ್ ನೋ ಮೋರ್' 2011ರಿಂದ 2025ರ ಜನವರಿಯವರೆಗೆ ನ್ಯೂಯಾರ್ಕಿನಲ್ಲಿ ನಡೆಯಿತು. ಹಲವು ಅಂತಸ್ತುಗಳ ಕಟ್ಟಡದಲ್ಲಿ ಬಿಳಿ ಮುಖವಾಡ ಧರಿಸಿದ ಪ್ರೇಕ್ಷಕರು ಮಾತಿಲ್ಲದೆ ತಮಗೆ ಬೇಕಾದ ಪಾತ್ರದ ಹಿಂದೆ ಅಲೆಯಬಹುದಿತ್ತು. ಕಪ್ಪು ಮುಖವಾಡದ ಮೇಲ್ವಿಚಾರಕರೂ ಇದ್ದರು. ಆದರೂ ಕೆಲವು ಪ್ರೇಕ್ಷಕರು ಕಲಾವಿದರೊಡನೆ ಅಸಭ್ಯವಾಗಿ ವರ್ತಿಸಿದ ದೂರುಗಳು 2018ರಲ್ಲಿ ಪತ್ರಿಕೆಗಳಲ್ಲಿ ಬಂದವು. ಮುಖವಾಡ ನಾಚಿಕೆಯನ್ನು ಮರೆಸುತ್ತದೆ. ಕೆಲವರಿಗೆ ಮರ್ಯಾದೆಯನ್ನೂ ಮರೆಸಿಬಿಡುತ್ತದೆ.

ಪೊರಕೆ ಹಿಡಿದ ಪ್ರೇಕ್ಷಕಿ

ಪ್ರೇಕ್ಷಕರ ಸಿಟ್ಟನ್ನು ಅಡಗಿಸುವ ಬದಲು ಅದಕ್ಕೇ ಒಂದು ಕೆಲಸ ಕೊಟ್ಟರೆ? ಬ್ರೆಜಿಲ್ ದೇಶದ ರಂಗಕರ್ಮಿ ಅಗಸ್ಟೊ ಬೋಲ್ (1931-2009) ಹಿಡಿದ ದಾರಿ ಇದು. ಅಲ್ಲಿನ ಸೇನಾ ಸರ್ಕಾರ ಅವರನ್ನು ಬಂಧಿಸಿ ಹಿಂಸಿಸಿತು. 1971ರಲ್ಲಿ ದೇಶ ಬಿಟ್ಟರು. 1973ರಲ್ಲಿ ಪೆರು ದೇಶದ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡುತ್ತಿದ್ದಾಗ ನಡೆದ ಒಂದು ಪ್ರಸಂಗವನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು.

ಓದು ಬಾರದ ಹೆಂಗಸೊಬ್ಬಳಿಗೆ ಗಂಡ ಕೆಲವು ಕಾಗದಗಳನ್ನು ಕೊಟ್ಟು, ಮನೆ ಕಟ್ಟಿಸುವ ಹಣದ ದಾಖಲೆ, ಜೋಪಾನವಾಗಿಡು ಎಂದಿದ್ದ. ಅಕ್ಷರ ಬಲ್ಲವರಿಂದ ಓದಿಸಿದರೆ ಅವು ಅವನ ಪ್ರೇಯಸಿಯ ಪತ್ರಗಳು! ಇವಳು ಈಗ ಏನು ಮಾಡಬೇಕು? ಬೋಲ್ ತಂಡ ಇದನ್ನು ನಾಟಕವಾಗಿ ಆಡಿ, ಉಪಾಯ ಹೇಳಿ ಎಂದು ಪ್ರೇಕ್ಷಕರನ್ನು ಕೇಳಿತು. ಗಟ್ಟಿಮುಟ್ಟಾದ ಹೆಂಗಸೊಬ್ಬಳು ಎದ್ದು, ಅವನ ಹತ್ತಿರ ಸ್ಪಷ್ಟವಾಗಿ ಮಾತಾಡಿ ಆಮೇಲೆ ಕ್ಷಮಿಸಬೇಕು ಎಂದಳು. ನಟಿ ಹಾಗೆಯೇ ಮಾಡಿದಳು. ಹೀಗಲ್ಲ, ಸ್ಪಷ್ಟವಾಗಿ, ಎಂದಳು ಹೆಂಗಸು. ಮತ್ತೊಮ್ಮೆ ಆಡಿದರು. ಅದೂ ಆಗಲಿಲ್ಲ. ಅವಳ ಸಿಟ್ಟು ಏರುತ್ತಲೇ ಇತ್ತು. ಆಗ ಬೋಲ್, ತಾಯಿ, ನೀವೇ ಬಂದು ತೋರಿಸಿ ಎಂದು ಕರೆದರು. ಅವಳು ರಂಗಕ್ಕೆ ಬಂದವಳೇ ಪೊರಕೆಯ ಹಿಡಿಯಿಂದ ಸಣಕಲು ನಟನಿಗೆ ಸರಿಯಾಗಿ ಬಾರಿಸಿದಳು. ಆಮೇಲೆ, ಸರಿ, ಸ್ಪಷ್ಟವಾಗಿ ಮಾತಾಡಿದ್ದಾಯಿತು, ಈಗ ಕ್ಷಮಿಸಿದ್ದೇನೆ, ಒಳಗೆ ಹೋಗಿ ನನಗೆ ಊಟ ತಾ ಎಂದಳಂತೆ!

ನಗು ಬರುತ್ತದೆ. ಆದರೆ ಬೋಲ್ ಇದರಿಂದ ಒಂದು ಹೊಸ ಪದ್ಧತಿಯನ್ನೇ ರೂಪಿಸಿದರು. ಅದಕ್ಕೆ ಫೋರಂ ಥಿಯೇಟರ್ ಎಂದು ಹೆಸರು. ಅನ್ಯಾಯದ ಒಂದು ಕತೆಯನ್ನು ಮೊದಲು ಪೂರ್ತಿ ಆಡುತ್ತಾರೆ. ಮತ್ತೆ ಆಡುವಾಗ ನೋಡುವವರಲ್ಲಿ ಯಾರು ಬೇಕಾದರೂ 'ನಿಲ್ಲಿಸಿ' ಎನ್ನಬಹುದು. ಹೇಳಿದವರು ಎದ್ದು ಬಂದು ಕಷ್ಟದಲ್ಲಿರುವ ಪಾತ್ರದ ಜಾಗದಲ್ಲಿ ನಿಂತು, ತಾನಾದರೆ ಏನು ಮಾಡುತ್ತಿದ್ದೆ ಎಂದು ಮಾಡಿ ತೋರಿಸಬೇಕು. ಕೂತಲ್ಲಿಂದ ಬೈಯುವಂತಿಲ್ಲ. ಇವರ ಮತ್ತು ನಟರ ನಡುವೆ ಕೊಂಡಿಯಾಗಿ ಒಬ್ಬ ನಿರ್ವಾಹಕ ಇರುತ್ತಾನೆ. ಇಸ್ಪೀಟೆಲೆಯ ಜೋಕರ್ ಹಾಗೆ ಯಾವ ಪಕ್ಷಕ್ಕೂ ಸೇರದವನಾದ್ದರಿಂದ ಅವನಿಗೆ ಜೋಕರ್ ಎಂದೇ ಹೆಸರು. ಆಟ ಕೈಮೀರುವಂತಿದ್ದರೆ ನಿಲ್ಲಿಸುವುದು, ಈಗ ಕಂಡದ್ದು ಸಾಧ್ಯವೇ ಎಂದು ಎಲ್ಲರನ್ನೂ ಕೇಳುವುದು ಅವನ ಕೆಲಸ. ಸಿಟ್ಟಾದವನು ಎದ್ದು ಬಂದು ಆಡಿ ತೋರಿಸುವಷ್ಟರಲ್ಲಿ ಅವನ ಸಿಟ್ಟು ಅರ್ಧ ವಿಚಾರವಾಗಿ ಬದಲಾಗಿರುತ್ತದೆ.

ಪಶ್ಚಿಮ ಬಂಗಾಳದಲ್ಲಿ ಸಂಜಯ್ ಗಂಗೂಲಿಯವರು 1985ರಲ್ಲಿ ಕಟ್ಟಿದ 'ಜನ ಸಂಸ್ಕೃತಿ' ತಂಡ ಮುಂದೆ ಈ ಪದ್ಧತಿಯನ್ನು ಹಳ್ಳಿಹಳ್ಳಿಗೆ ಒಯ್ದಿತು. ಗಂಡ ಹೆಂಡಿರ ಜಗಳ, ವರದಕ್ಷಿಣೆ, ಕೂಲಿಯ ಮೋಸ ಮೊದಲಾದ ವಿಷಯಗಳು ಅಲ್ಲಿ ಊರವರ ಎದುರೇ ಚರ್ಚೆಗೆ ಬಂದವು.

ಮೊದಲು ಒಂದು ಮಾತು, ಆಮೇಲೆ ಒಂದು ಮಾತು

ವಿಲಿಯಮ್ಸ್‌ಬರ್ಗಿನಲ್ಲಿ 1999ಕ್ಕೂ ಮೊದಲು ಇನ್ನೊಂದು ಪರೀಕ್ಷೆ ನಡೆದಿತ್ತು. 1994ರ ಅಕ್ಟೋಬರ್ 10ರಂದು ಅಲ್ಲಿ ಗುಲಾಮರ ಹರಾಜಿನ ದೃಶ್ಯವನ್ನು ಬೀದಿಯಲ್ಲಿ ಆಡಿ ತೋರಿಸಲು ನಿರ್ಧರಿಸಿದರು. ಕರಿಯರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆಗಳು ಇದನ್ನು ವಿರೋಧಿಸಿದವು. ತಮ್ಮ ಪೂರ್ವಜರ ನೋವನ್ನು ಪ್ರವಾಸಿಗರ ಮನರಂಜನೆ ಮಾಡುತ್ತಾರೆಂಬುದು ಅವರ ಆತಂಕ. ಆ ದಿನ ಪ್ರತಿಭಟನೆಗೆ ಬಂದವರು ಸ್ಥಳದಲ್ಲೇ ನಿಂತರು, ಕೂತರು.

ಕಾರ್ಯಕ್ರಮದ ಹೊಣೆ ಹೊತ್ತಿದ್ದ ಕ್ರಿಸ್ಟಿ ಕೋಲ್ಮನ್ ಸ್ವತಃ ಕರಿಯ ಹೆಣ್ಣುಮಗಳು. ಪೊಲೀಸರ ಬಲದಿಂದ ಎಲ್ಲರನ್ನೂ ಎಬ್ಬಿಸಿ ಮುಂದುವರಿಯುವುದು ಒಂದು ದಾರಿ; ಹೆದರಿ ಕೈಬಿಡುವುದು ಇನ್ನೊಂದು. ಅವರು ಎರಡನ್ನೂ ಮಾಡಲಿಲ್ಲ. ಕಣ್ಣೀರು ತಡೆಯುತ್ತ ಜನರ ಮುಂದೆ ಬಂದು, ಮೊದಲು ನೋಡಿ, ನೋಡಿದ ಮೇಲೆ ತೆರೆದ ಮನಸ್ಸಿನಿಂದ ತೀರ್ಪು ಕೊಡಿ ಎಂದು ಕೇಳಿಕೊಂಡರು. ಹರಾಜಿನ ದೃಶ್ಯ ನಡೆಯಿತು. ಒಂದು ಕುಟುಂಬ ಕಣ್ಣೆದುರೇ ಹರಿದುಹೋಗುವುದನ್ನು ನೋಡಿ ನೆರೆದವರಲ್ಲಿ ಹಲವರು ಅತ್ತರು. ಪ್ರತಿಭಟನೆಯ ಮುಂಚೂಣಿಯಲ್ಲಿದ್ದ ಒಬ್ಬ ನಾಯಕರು ತಮ್ಮ ಅಭಿಪ್ರಾಯ ಬದಲಾಯಿತೆಂದು ಬಹಿರಂಗವಾಗಿಯೇ ಹೇಳಿದರು. ಎಲ್ಲರೂ ಒಪ್ಪಿದರೆಂದಲ್ಲ, ವಾದ ಮುಂದುವರಿಯಿತು. ಆದರೆ ಕಲ್ಲು ಬೀಳಲಿಲ್ಲ, ಮಾತು ಉಳಿಯಿತು.

ಒಳಗೆ ಬಂದ ಪ್ರೇಕ್ಷಕನಿಗೆ ಹೊರಗೆ ಹೋಗಲೂ ದಾರಿ ಇರಬೇಕು. ಇಂಡಿಯಾನಾ ರಾಜ್ಯದ ಕಾನರ್ ಪ್ರೇರಿ ಎಂಬ ವಸ್ತುಸಂಗ್ರಹಾಲಯದಲ್ಲಿ 1998ರಲ್ಲಿ ಶುರುವಾಗಿ ಹಲವು ವರ್ಷ ನಡೆದ ಕಾರ್ಯಕ್ರಮದಲ್ಲಿ, ಬಂದವರೇ ತಪ್ಪಿಸಿಕೊಂಡು ಓಡುವ ಗುಲಾಮರಾಗಿ ಕತ್ತಲಲ್ಲಿ ಅಲೆಯಬೇಕಿತ್ತು. ಅವರಿಗೆ ಮೊದಲೇ ಒಂದು ಬಿಳಿ ಬಟ್ಟೆಯ ಪಟ್ಟಿ ಕೊಡುತ್ತಿದ್ದರು. ತಾಳಲಾರೆ ಎನಿಸಿದರೆ ಅದನ್ನು ತಲೆಗೆ ಕಟ್ಟಿಕೊಂಡರೆ ಸಾಕು, ಯಾವ ಪಾತ್ರಧಾರಿಯೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಕಾರಣ ಕೇಳುವಂತಿರಲಿಲ್ಲ, ನಗುವಂತಿರಲಿಲ್ಲ.

ಉಪಾಯಗಳು ಸೋಲುವಲ್ಲಿ

ಎಲ್ಲ ಜಾಣ್ಮೆಗೂ ಒಂದು ಮಿತಿ ಇದೆ. ಅದನ್ನು ಮರೆತರೆ ಅಪಾಯ. 1989ರ ಜನವರಿ 1ರಂದು ದೆಹಲಿಯ ಹತ್ತಿರ ಸಾಹಿಬಾಬಾದಿನ ಝಂಡಾಪುರದಲ್ಲಿ 'ಜನ ನಾಟ್ಯ ಮಂಚ್' ತಂಡ 'ಹಲ್ಲಾ ಬೋಲ್' ಎಂಬ ಬೀದಿ ನಾಟಕ ಆಡುತ್ತಿತ್ತು. ಪುರಸಭೆಯ ಚುನಾವಣೆಯ ಸಮಯ. ಅಭ್ಯರ್ಥಿಯೊಬ್ಬನ ಕಡೆಯವರು ಮೆರವಣಿಗೆಯಲ್ಲಿ ಬಂದು ದಾರಿ ಬಿಡಿ ಎಂದರು. ತಂಡದ ಮುಖ್ಯಸ್ಥ ಸಫ್ದರ್ ಹಾಶ್ಮಿ ಸ್ವಲ್ಪ ಕಾಯಿರಿ, ಇಲ್ಲವೇ ಬೇರೆ ದಾರಿಯಲ್ಲಿ ಹೋಗಿ ಎಂದು ಕೇಳಿಕೊಂಡರು. ಅದು ಸಮಾಧಾನದ ಮಾತೇ. ಆದರೆ ಎದುರಿದ್ದವರು ಸಮಾಧಾನಕ್ಕೆ ಬಂದವರಲ್ಲ. ಕಬ್ಬಿಣದ ಸರಳುಗಳಿಂದ ದಾಳಿ ನಡೆಯಿತು. ಅಲ್ಲಿನ ಕಾರ್ಮಿಕನೊಬ್ಬ ಪ್ರಾಣ ಕಳೆದುಕೊಂಡ. 34 ವರ್ಷದ ಸಫ್ದರ್ ಮರುದಿನ ತೀರಿಕೊಂಡರು. ಜನವರಿ 4ರಂದು ಅವರ ಪತ್ನಿ ಮೊಲೊಯಶ್ರೀ ತಂಡದೊಂದಿಗೆ ಅದೇ ಜಾಗಕ್ಕೆ ಮರಳಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಪೂರ್ತಿ ಮಾಡಿದರು.

ಆಟ ನೋಡಿ ಕೆರಳಿದವನು ಬೇರೆ, ಕೆಡಿಸಲೆಂದೇ ಬಂದವನು ಬೇರೆ. ಮೊದಲಿನವನಿಗೆ ಮಾತು ಸಾಕು. ಎರಡನೆಯವನ ಮುಂದೆ ಮಾತಿಗಿಂತ ಮೊದಲು ಬೇಕಾದದ್ದು ಜೊತೆಗಾರರನ್ನು ಸುರಕ್ಷಿತ ಜಾಗಕ್ಕೆ ಸೇರಿಸುವ ದಾರಿ. ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ 'ಸಮುದಾಯ' ತಂಡ 'ಬೆಲ್ಚಿ'ಯಂಥ ನಾಟಕಗಳನ್ನು ಊರೂರಿನ ಬೀದಿಗಳಲ್ಲಿ ಆಡಿದ ಮೇಲೆ ನಮ್ಮಲ್ಲಿಯೂ ಬೀದಿ ನಾಟಕದ ದೊಡ್ಡ ಪರಂಪರೆ ಬೆಳೆಯಿತು. ಆ ಪರಂಪರೆಗೆ ಈಗ ಕಾಲಿಡುವ ವಿದ್ಯಾರ್ಥಿಗಳು ಧೈರ್ಯದ ಜೊತೆಗೆ ಈ ವಿವೇಕವನ್ನೂ ಕಲಿಯಬೇಕು.

ವಿದ್ಯಾರ್ಥಿಗಳು ನೆನಪಿಡಬೇಕಾದದ್ದು

ಆಟದ ಮಾತುಗಳಿಗೆ ತಾಲೀಮು ಮಾಡುವಂತೆ ಅಡಚಣೆಗೂ ತಾಲೀಮು ಮಾಡಿ. ತಂಡದಲ್ಲೇ ಒಬ್ಬರು ಕುಡಿದು ಬಂದವನಾಗಿ, ಇನ್ನೊಬ್ಬರು ಕೆಣಕುವವನಾಗಿ ನಟಿಸಲಿ, ಉಳಿದವರು ನಿಭಾಯಿಸಲಿ. ಒಮ್ಮೆ ಮಾಡಿ ನೋಡಿದವರಿಗೆ ನಿಜವಾದ ಗಳಿಗೆಯಲ್ಲಿ ಕೈಕಾಲು ನಡುಗುವುದು ಕಡಿಮೆ.

ಒಂದು ಸಂಕೇತದ ಮಾತು ಇರಲಿ. ಅದು ಬಾಯಿಂದ ಬಂದ ಕೂಡಲೇ ಎಲ್ಲರೂ ಪಾತ್ರ ಬಿಟ್ಟು ಒಂದೆಡೆ ಸೇರಬೇಕು. ಯಾರು ಹೇಳಿದರು, ಏಕೆ ಹೇಳಿದರು ಎಂಬ ವಿಚಾರಣೆ ಆಮೇಲೆ.

ನಟಿಸದ ಇಬ್ಬರು ಜನರ ನಡುವೆ ನಿಂತಿರಲಿ. ವೃತ್ತದ ಒಳಗಿರುವವರಿಗೆ ಹಿಂದೆ ಏಳುತ್ತಿರುವ ಗುಸುಗುಸು ಕೇಳಿಸುವುದಿಲ್ಲ. ಹೊರಗಿನವರಿಗೆ ಕೇಳಿಸುತ್ತದೆ.

ಯಾರಾದರೂ ಕೂಗಾಡಿದರೆ ಅವರಿಗಿಂತ ಜೋರಾಗಿ ಕೂಗಬೇಡಿ. ದನಿ ತಗ್ಗಿಸಿ, ನಿಧಾನವಾಗಿ ಮಾತಾಡಿ. ಎದೆಗೆ ಎದೆ ಕೊಟ್ಟು ನಿಲ್ಲದೆ, ಕೈಗಳು ಕಾಣುವಂತೆ, ಎರಡು ಹೆಜ್ಜೆ ದೂರದಲ್ಲಿ ತುಸು ಓರೆಯಾಗಿ ನಿಲ್ಲಿ. ಹಿರಿಯರಾದರೆ 'ಅಣ್ಣಾ', 'ಯಜಮಾನ್ರೇ' ಎಂದು ಕರೆಯಿರಿ. ಮೈಮುಟ್ಟಿ ಸಮಾಧಾನ ಮಾಡಲು ಹೋಗಬೇಡಿ. ಕೆರಳಿದವನಿಗೆ ಅದು ಹೊಡೆತದಂತೆಯೇ ಕಾಣುತ್ತದೆ.

ಊರವರ ಮುಂದೆ ಯಾರನ್ನೂ ನಗೆಗೀಡು ಮಾಡಬೇಡಿ. ನೂರು ಜನರ ಎದುರು ಹಿಂದೆ ಸರಿಯುವುದು ಯಾರಿಗೂ ಸುಲಭವಲ್ಲ. 'ಬನ್ನಿ, ಆ ಕಡೆ ಕೂತು ಮಾತಾಡೋಣ' ಎಂದು ಪಕ್ಕಕ್ಕೆ ಕರೆದರೆ ಅರ್ಧ ಜಗಳ ಮುಗಿಯಿತು. ನೋಡುವವರಿಲ್ಲದೆ ಜಗಳಕ್ಕೆ ಕಾವು ಇರುವುದಿಲ್ಲ.

ಸಿಟ್ಟಿನ ಹಿಂದೆ ನೋವಿದ್ದರೆ ಕೇಳಿಸಿಕೊಳ್ಳಿ. ಕುಡಿತದ ನಾಟಕ ನೋಡಿ ಅರಚುವವನ ಮನೆಯಲ್ಲಿ ಏನು ನಡೆದಿದೆಯೋ ಯಾರಿಗೆ ಗೊತ್ತು? ಆಟ ಮುಗಿದ ಕೂಡಲೇ ವ್ಯಾನು ಹತ್ತಬೇಡಿ. ಹದಿನೈದು ನಿಮಿಷ ಜನರ ನಡುವೆ ನಿಂತು ಮಾತಾಡಿ. ಖಳನ ಪಾತ್ರ ಮಾಡಿದವರು ಬಣ್ಣ ತೊಳೆದುಕೊಂಡು ತಮ್ಮ ನಿಜವಾದ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಲಿ.

ಕಲ್ಲು, ದೊಣ್ಣೆ ಕಂಡರೆ ಇವೆಲ್ಲ ಬದಿಗಿರಲಿ. ಆಟ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಹೊರಡಿ, 112ಕ್ಕೆ ಫೋನ್ ಮಾಡಿ. ನಾಟಕವನ್ನು ಇನ್ನೊಂದು ದಿನ ಆಡಬಹುದು.

ಹೆತ್ತವರು ಕೇಳಬೇಕಾದದ್ದು

ಮಗಳೋ ಮಗನೋ ಬೀದಿ ನಾಟಕಕ್ಕೆ ಹೋಗುತ್ತೇನೆ ಎಂದಾಗ 'ಬೇಡ' ಎಂದುಬಿಡುವುದು ಸುಲಭ. ಅದಕ್ಕಿಂತ ಕೆಲವು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಜೊತೆಗೆ ಯಾವ ಅಧ್ಯಾಪಕರು ಬರುತ್ತಾರೆ? ಊರಿನ ಪಂಚಾಯಿತಿಗೆ, ಪೊಲೀಸ್ ಠಾಣೆಗೆ ತಿಳಿಸಿದ್ದಾರೆಯೇ? ಎಷ್ಟು ಹೊತ್ತಿಗೆ ಮುಗಿಯುತ್ತದೆ, ವಾಪಸು ಬರುವ ವಾಹನ ಯಾವುದು? ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ಹೆಣ್ಣುಮಕ್ಕಳು ಯಾರಿಗೆ ಹೇಳಬೇಕು, ಹೇಳಿದರೆ ಆಟ ನಿಲ್ಲುತ್ತದೆಯೇ? ಯಾವ ವಿಷಯದ ಮೇಲೆ ನಾಟಕ, ಆ ಊರಿನಲ್ಲಿ ಇತ್ತೀಚೆಗೆ ಅದೇ ವಿಷಯಕ್ಕೆ ಗಲಾಟೆಯಾಗಿದೆಯೇ? ಇವಕ್ಕೆ ನೇರ ಉತ್ತರ ಕೊಡುವ ಕಾಲೇಜಿನ ಮೇಲೆ ಭರವಸೆ ಇಡಬಹುದು. ಉತ್ತರ ಇಲ್ಲದಿದ್ದರೆ, ಉತ್ತರ ಸಿದ್ಧವಾಗುವವರೆಗೆ ಪ್ರದರ್ಶನ ಮುಂದಕ್ಕೆ ಹೋಗಲಿ ಎಂದು ಒತ್ತಾಯಿಸಬಹುದು.

ಮನೆಗೆ ಬಂದ ಮಕ್ಕಳನ್ನು ನಾಟಕ ಹೇಗಾಯಿತು ಎಂದಷ್ಟೇ ಅಲ್ಲ, ಜನ ಏನೆಂದರು ಎಂದೂ ಕೇಳಬೇಕು. ಅಪರಿಚಿತರ ಸಿಟ್ಟನ್ನು ಮೊದಲ ಬಾರಿಗೆ ಎದುರಿಸಿದ ಹುಡುಗ ಅದನ್ನು ಯಾರಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡಿರಬಹುದು. ಹೇಳಿಕೊಳ್ಳಲು ಒಬ್ಬರು ಸಿಕ್ಕರೆ ಅದೇ ಅನುಭವ ಅವನಿಗೆ ಪಾಠವಾಗುತ್ತದೆ.

ಈ ಪಾಠ ನಾಟಕಕ್ಕೆ ಮಾತ್ರ ಮೀಸಲೂ ಅಲ್ಲ. ದನಿ ತಗ್ಗಿಸುವುದು, ನಾಲ್ಕು ಜನರ ಮುಂದೆ ಅವಮಾನಿಸದಿರುವುದು, ಎದುರಿನವರಿಗೆ ಹಿಂದೆ ಸರಿಯಲು ದಾರಿ ಬಿಡುವುದು, ತಕ್ಕ ಹೊತ್ತಿನಲ್ಲಿ ಭಾಗವತರಂತೆ ಮುಂದಿನ ಪದ್ಯ ಎತ್ತಿಕೊಳ್ಳುವುದು - ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ, ಪರೀಕ್ಷೆಯ ಅಂಕಪಟ್ಟಿ ಬಂದ ದಿನ ಮನೆಯ ಊಟದ ಹೊತ್ತಿನಲ್ಲಿ ಕೂಡ ಇವು ಬೇಕಾಗುತ್ತವೆ. ಜಗಳ ಕಾಯಲು ಯಾರಿಗೂ ತಾಲೀಮು ಬೇಕಿಲ್ಲ. ಜಗಳ ಇಳಿಸಲು ಬೇಕು. ಅದಕ್ಕೆ ಕಾಲೇಜಿನ ನಾಟಕದ ತಂಡಕ್ಕಿಂತ ಒಳ್ಳೆಯ ಗರಡಿಮನೆ ಸಿಗುವುದು ಕಷ್ಟ.